ಚೆಂಡು ಹೋದ ಮೇಲಿನ ಪೆಟ್ಟು

ದೇಶದ ಫುಟ್‌ಬಾಲ್ ಕಪ್ ಫೈನಲ್ ಟಿವಿಯಲ್ಲಿ ಬಂದರೆ ನಾನು ತೊಂಬತ್ತು ನಿಮಿಷ ಮಾತ್ರ ನೋಡುತ್ತೇನೆ. ಎಕ್ಸ್‌ಟ್ರಾ ಟೈಮ್ ಅಂದ ಕೂಡಲೇ ಎದ್ದು ಹೋಗುತ್ತೇನೆ. ಈ ಸಲದ ಫೈನಲ್ಲೂ ಅಲ್ಲಿಗೇ ಹೋಯಿತು. "ಅಪ್ಪಾ, ಅಸಲಿ ಆಟ ಈಗೈತೆ, ಕೂತ್ಕ" ಎಂದಳು ಮಗಳು. ನಾನು ಹಿತ್ತಲಿಗೆ ಹೋಗಿ ನಿಂತೆ. ಆ ಅಸಲಿ ಆಟವನ್ನು ನಾನೂ ಒಮ್ಮೆ ಆಡಿದ್ದೇನೆ, ಕಲ್ಯಾಣದುರ್ಗದಲ್ಲಿ.

ಅದು ಊರೂರುಗಳ ನಾಕೌಟ್ ಕಪ್. ಸೋತವರು ಅವತ್ತೇ ಮನೆಗೆ. ನಾವು ಹಿಂದೂಪುರದವರು ಗೋರಂಟ್ಲ, ಸೋಮಂದೇಪಲ್ಲಿಯವರನ್ನು ಸೋಲಿಸಿ ಫೈನಲ್ಲಿಗೆ ಬಂದಿದ್ದೆವು. ಎದುರಿಗೆ ಕಲ್ಯಾಣದುರ್ಗ. ಮೈದಾನ ಅವರದು, ಸುತ್ತ ನಿಂತ ಜನವೂ ಅವರದೇ. ಹುಲ್ಲು ಒಂದು ಗರಿಯೂ ಇಲ್ಲದ ಗರಸು ನೆಲ. ಗೋಲಿನ ಕಂಬಗಳಿಗೆ ಕುರಿ ಕೂಡುವ ಬಲೆ ಕಟ್ಟಿದ್ದರು. ನಾನು ಡಿಫೆಂಡರ್. ಚೆಂಡಿಗೂ ನನಗೂ ಅಷ್ಟಕ್ಕಷ್ಟೆ. ಮನುಷ್ಯರನ್ನು ಬೀಳಿಸುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ತಂಡದಲ್ಲಿ ಇಟ್ಟುಕೊಂಡಿದ್ದೂ ಅದಕ್ಕೇ.

ಅವರ ಒಂಬತ್ತನೇ ನಂಬರಿನವನು ಸಣಕಲ, ನನ್ನದೇ ವಯಸ್ಸು. ಹಿಡಿಯಲು ಹೋದರೆ ಸಾಬೂನಿನ ಹಾಗೆ ಜಾರುತ್ತಿದ್ದ. ಮೊದಲರ್ಧದಲ್ಲೇ ಅವನ ಮೊಣಕೈ ನನ್ನ ಬಾಯಿಗೆ ಬಿದ್ದು ಮುಂದಿನ ಹಲ್ಲು ಅರ್ಧ ಮುರಿಯಿತು. ನಾನು ಹಲ್ಲು ಹುಡುಕುತ್ತ ಕೂರಲಿಲ್ಲ, ಎದ್ದು ಅವನ ಪಕ್ಕೆಗೆ ಗುದ್ದಿದೆ. ರೆಫರಿ ಇಬ್ಬರನ್ನೂ ಕರೆದು ಬೈದು ಕಳಿಸಿದ.

ಒಂದೊಂದು ಗೋಲಿನಲ್ಲಿ ಆಟ ಸಮವಾಗಿ ಮುಗಿದು ಎಕ್ಸ್‌ಟ್ರಾ ಟೈಮ್ ಬಂತು. ನೀರು ಕುಡಿಯುವಾಗ ನಮ್ಮ ಕ್ಯಾಪ್ಟನ್ ಕಿವಿಯಲ್ಲಿ ಹೇಳಿದ: "ಆ ಒಂಬತ್ತನೇವ್ನು ಇರಗಂಟ ನಾವು ಗೆಲ್ಲಾಕಿಲ್ಲ ಕಣ್ಲಾ. ಎತ್ತಾಕ್ಬುಡು." ನಾನು ತಲೆಯಾಡಿಸಿದೆ. ಅವನು ಹೇಳದಿದ್ದರೂ ಮಾಡುತ್ತಿದ್ದೆನೇನೋ. ಬಾಯಲ್ಲಿ ಇನ್ನೂ ರಕ್ತದ ರುಚಿಯಿತ್ತು, ನನಗೆ ಅವನ ಮೇಲೆ ವಿಪರೀತ ಸಿಟ್ಟಿತ್ತು.

ಕೊನೆಯ ನಿಮಿಷಗಳಲ್ಲಿ ಅವನು ಚೆಂಡನ್ನು ಎಡಕ್ಕೆ ತಳ್ಳಿ ನನ್ನನ್ನು ದಾಟಿದ. ಚೆಂಡು ಆಗಲೇ ಹೋಗಿಬಿಟ್ಟಿತ್ತು. ಅದು ನನಗೆ ಚೆನ್ನಾಗಿ ಕಾಣಿಸಿತ್ತು. ಅವನು ಬಲಗಾಲು ಊರುವುದನ್ನೇ ಕಾದು, ಮೊಣಕಾಲಿನ ಕೆಳಗೆ ಹೊರಗಡೆಯಿಂದ ಬೂಟಿನಲ್ಲಿ ತುಳಿದೆ. ಒಣಗಿದ ಹುಣಸೆ ಬರಲು ಮುರಿದಂತೆ ಸದ್ದಾಯಿತು. ರೆಫರಿ ದೂರದಲ್ಲಿದ್ದ, ಮಧ್ಯೆ ಧೂಳು. ಸೀಟಿ ಊದಲಿಲ್ಲ. ಉರುಳಿದ ಚೆಂಡು ಕ್ಯಾಪ್ಟನ್ ಕಾಲಿಗೆ ಸಿಕ್ಕಿತು, ಅವನು ಓಡಿ ಗೋಲು ಹೊಡೆದ. ನಾವು ಕಪ್ ಗೆದ್ದೆವು.

ಜನ ಒಳಗೆ ನುಗ್ಗಿದರು. ಯಾರೋ ಮೂಲೆಯ ಬಾವುಟದ ಬಿದಿರು ಕಿತ್ತು ನನ್ನ ಎಡಭುಜಕ್ಕೆ ಬಾರಿಸಿದರು. ತೋಳು ಕೀಲು ತಪ್ಪಿ ಜೋತುಬಿತ್ತು. ನೆಲಕ್ಕೆ ಬಿದ್ದ ಮೇಲೆ ಎಷ್ಟು ಜನ ಒದ್ದರೋ ಲೆಕ್ಕವಿಲ್ಲ. ಹಿರಿಯರೊಬ್ಬರು ಅಡ್ಡ ಬಂದು ಎಳೆದುಕೊಂಡರು. ಇದ್ದದ್ದು ಒಂದೇ ಆಟೋ. ನನ್ನನ್ನೂ ಒಂಬತ್ತನೇ ನಂಬರಿನವನನ್ನೂ ಅದರಲ್ಲೇ ಹಾಕಿ ಮೂಳೆ ಕಟ್ಟುವವರ ಮನೆಗೆ ಕಳಿಸಿದರು. ಕ್ಯಾಪ್ಟನ್ನೂ ಹತ್ತಿದ. ಬಾಗಿಲಿಗೆ ಬಂದ ಮುದುಕರನ್ನು ಕಂಡು ಒಂಬತ್ತನೇ ನಂಬರಿನವನು "ಅಪ್ಪಾ" ಎಂದು ನರಳಿದ. ಮೂಳೆ ಕಟ್ಟುವವರು ಅವನ ತಂದೆಯೇ ಆಗಿದ್ದರು.

ಅವರು ಮೊದಲು ಹಿಡಿದದ್ದು ನನ್ನನ್ನು. "ಭುಜ ತಡ ಆದ್ರೆ ಬಿಗಿದ್ಬುಡ್ತದೆ ಕಣಪ್ಪ" ಎಂದು ನನ್ನ ಕಂಕುಳಿಗೆ ಪಾದ ಕೊಟ್ಟು ಕೈ ಜಗ್ಗಿದರು. ನಾನು ಕಿರುಚಿದೆ. ಕೀಲು ಒಳಗೆ ಕೂತಿತು. ಕೈಯನ್ನು ಎದೆಗೆ ಕಟ್ಟಿ, ಮಗನ ಕಾಲಿನ ಮೇಲೆ ಬೆರಳಾಡಿಸುತ್ತ ಕೇಳಿದರು: "ಹೆಂಗಾಯ್ತು?"

"ಗೊತ್ತಿಲ್ಲಪ್ಪ, ನಾನು ಬಾಲ್ ನೋಡ್ತಿದ್ದೆ" ಎಂದ ಮಗ.

"ಇಬ್ರೂ ಬಾಲ್‌ಗೇ ಒದ್ರು ಕಣಣ್ಣ, ಮುಂದ್ಲಿಂದ ತಗಲ್ತು" ಎಂದ ಕ್ಯಾಪ್ಟನ್, ಆತುರದಲ್ಲಿ.

ಮುದುಕರ ಬೆರಳು ನಿಂತವು. ನನ್ನ ಕಡೆ ತಿರುಗಿದರು. "ನಿಜಂ ಚೆಪ್ಪು, ನಿಜ ಹೇಳು. ಪೆಟ್ಟು ಯಾವ ಕಡೆಯಿಂದ ಬಿತ್ತು ಅಂತ ತಿಳ್ಕಂಡೇ ಎಳೀಬೇಕು. ತಪ್ಪು ಕಡೆಗೆ ಎಳೆದ್ರೆ ಇವ್ನು ಸಾಯಗಂಟ ಕುಂಟ್ತಾನೆ."

ಬಾಗಿಲು ತೆರೆದೇ ಇತ್ತು. ಹೊರಗೆ ಅವರ ಊರಿನವರು ನಿಂತಿದ್ದರು. ಆ ಬಿದಿರು ಇನ್ನೂ ಒಬ್ಬನ ಕೈಯಲ್ಲಿತ್ತು. ಕ್ಯಾಪ್ಟನ್ ನನಗೆ ಕಣ್ಣಿನಲ್ಲೇ ಬೇಡ ಎಂದ.

"ಹೊರಗಡೆಯಿಂದ" ಎಂದೆ. "ಬಾಲ್ ಹೋಗ್ಬುಟ್ಟಿತ್ತು. ಬೇಕಂತ್ಲೇ ತುಳಿದೆ."

ಹೊರಗಿದ್ದವರು ಬೈಯುತ್ತ ಹೊಸ್ತಿಲಿಗೆ ಬಂದರು. ಮುದುಕರು ತಲೆಯೆತ್ತಲಿಲ್ಲ. "ಯಾವನೂ ಒಳೀಕೆ ಬರ್ಬ್ಯಾಡ್ರಿ. ಕಟ್ಟು ಮುಗೀಲಿ, ಆಮೇಲೆ ನೋಡಾನ" ಎಂದರು. ಆಮೇಲೆ ನನಗೆ: "ನಿಂದು ಒಂದು ಕೈ ಸರಿಯಾಗೈತಲ್ಲ. ಬಾ, ಅವ್ನ ತೊಡೆ ಅದುಮಿ ಹಿಡ್ಕ."

ಬಲಗೈ ಊರಿ, ಮೈಭಾರ ಹಾಕಿ ಹಿಡಿದೆ. ಮುದುಕರು ಹಿಮ್ಮಡಿ ಹಿಡಿದು ಎಳೆಯತೊಡಗಿದರು. ಮಗ ಊಳಿಟ್ಟು ನನ್ನ ಮುಖಕ್ಕೆ ಗುದ್ದಿದ, ಮುರಿದ ಹಲ್ಲಿನ ಮೇಲೇ. ಮತ್ತೆ ಗುದ್ದಿದ. ನನ್ನ ಬಾಯಿಂದ ರಕ್ತ ಅವನ ಜೆರ್ಸಿಯ ಮೇಲೆ ಸುರಿಯಿತು. "ಬಿಡ್ಬ್ಯಾಡ ಕಣಪ್ಪ" ಎಂದರು ಅವರು. ನಾನು ತೊಡೆ ಬಿಡಲಿಲ್ಲ, ಅವನು ಗುದ್ದುವುದನ್ನು ಬಿಡಲಿಲ್ಲ. ಒಳಗೆಲ್ಲೋ ಕಟಕ್ ಎಂದು ಮೂಳೆಗೆ ಮೂಳೆ ಸೇರಿತು. ಅವನ ತೊಡೆ ನನ್ನ ಅಂಗೈ ಕೆಳಗೆ ಸಡಿಲವಾಯಿತು. ಎತ್ತಿದ್ದ ಮುಷ್ಟಿಯನ್ನು ಅವನು ನನ್ನ ಕೈಯ ಪಕ್ಕದಲ್ಲೇ ಇಳಿಸಿದ.