ಇಲ್ಲದ ಸಾಹೇಬರು

ನೀರಿನ ಟ್ಯಾಂಕಿನೊಳಗೆ ಇಳಿದವರಿಗೆ ಮೊದಲು ಕೇಳಿಸುವುದು ತಮ್ಮದೇ ಉಸಿರು. ಬೀದಿಯವರು ಟ್ಯಾಂಕಿ ಅಕ್ಕ ಎಂದು ಕರೆಯುವ ಆಕೆ ಹನ್ನೊಂದು ವರ್ಷದಿಂದ ಆ ಉಸಿರು ಕೇಳುತ್ತಾ ಗೋಡೆಯ ಪಾಚಿ ಉಜ್ಜುತ್ತಿದ್ದಾಳೆ. ಮೇಲೆ ಹಗ್ಗ ಹಿಡಿದು ಕೂರುವ ಹೆಂಗಸಿಗೆ ಕಿವಿ ಮಂದ. ಹಾಗಾಗಿ ಮಾತಿಲ್ಲ. ಹಗ್ಗ ಎರಡು ಸಲ ಎಳೆದರೆ ಬಕೆಟ್ ಮೇಲೆ ಹೋಗುತ್ತದೆ, ಮೂರು ಸಲ ಎಳೆದರೆ ಅಕ್ಕ.

ಅವಳ ಮನೆಯೇ ಆಫೀಸು. ಒಂದು ಕೋಣೆ, ಒಂದು ಮೇಜು, ಬಾಗಿಲ ಹಿಂದೆ ರಬ್ಬರ್ ಬೂಟು, ಒಂದು ಫೋನು. ಶುರುವಿನಲ್ಲಿ ಫೋನ್ ಮಾಡಿದವರೆಲ್ಲ ಒಂದೇ ರಾಗ ಹಾಡುತ್ತಿದ್ದರು: "ಗಂಡಸರು ಯಾರಾದ್ರೂ ಇದ್ರೆ ಫೋನ್ ಕೊಡಮ್ಮ." ಕೊಡೋಣವೆಂದರೆ ಆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಯೂ ಇರಲಿಲ್ಲ. ಒಂದು ದಿನ ರೋಸಿಹೋಗಿ, "ಸಾಹೇಬರು ಹೊರಗೆ ಹೋಗಿದ್ದಾರೆ, ಕೇಳಿ ಹೇಳ್ತೀನಿ" ಅಂದಳು. ಹತ್ತು ನಿಮಿಷ ಬಿಟ್ಟು ತಾನೇ ಫೋನ್ ಮಾಡಿ, "ಸಾಹೇಬರು ಒಪ್ಪಿದ್ದಾರೆ" ಅಂದಳು. ಕೆಲಸ ಸಿಕ್ಕಿತು.

ಅಂದಿನಿಂದ ಸಾಹೇಬರಿಗೆ ದಿನೇ ದಿನೇ ಜೀವ ತುಂಬಿಕೊಂಡಿತು. ಅರ್ಧಂಬರ್ಧ ತೊಳೆದರೆ ಸಾಕು ಅನ್ನುವವರ ಮಾತಿಗೆ ಅವರು ಸುತಾರಾಂ ಒಪ್ಪುತ್ತಿರಲಿಲ್ಲ. ಒಮ್ಮೆಯಾದರೂ ಬರಬಾರದೇ ಎಂದವರಿಗೆ ಅವರ ಮಂಡಿನೋವು ಅಡ್ಡ ಬರುತ್ತಿತ್ತು. ಒಬ್ಬಳೇ ಊಟಕ್ಕೆ ಕೂತಾಗ ಅಕ್ಕ, "ಉಪ್ಪು ಜಾಸ್ತಿ ಆಯ್ತಲ್ವಾ ಸಾಹೇಬ್ರೇ?" ಎಂದು ಕೇಳಿದ್ದೂ ಉಂಟು.

ಈ ವರ್ಷ ನಗರಸಭೆ ತನ್ನ ಶಾಲೆಗಳ ಟ್ಯಾಂಕು ತೊಳೆಯುವ ಗುತ್ತಿಗೆಯನ್ನು ಹೆಂಗಸರೇ ನಡೆಸುವ ಸಂಸ್ಥೆಗಳಿಗೆ ಮೀಸಲಿಟ್ಟಿತು. ಹಿಂದೆ ದೊಡ್ಡ ಗುತ್ತಿಗೆದಾರರು ಹೆಂಡತಿಯ ಸಹಿ ಹಾಕಿಸಿ ಇಂಥ ಕೆಲಸ ಹೊಡೆದುಕೊಂಡಿದ್ದರಿಂದ, ಈ ಸಲ ಪ್ರತಿ ಅರ್ಜಿಯನ್ನೂ ಪರೀಕ್ಷಿಸುತ್ತಿದ್ದರು. ಅಕ್ಕನ ಅರ್ಜಿ ಹಿಡಿದು ಬಂದ ಅಧಿಕಾರಿ ಸಣ್ಣ ವಯಸ್ಸಿನ ಹೆಣ್ಣುಮಗಳು. ಬೂಟು ನೋಡಿದಳು, ಬ್ರಷ್ಷು ನೋಡಿದಳು, ಆಮೇಲೆ ಫೈಲು ತೆರೆದಳು.

"ನೀವು ಕೊಟ್ಟ ಮೂರು ಗಿರಾಕಿಗಳಿಗೂ ಫೋನ್ ಮಾಡಿದ್ದೆ. ಕೆಲಸ ತುಂಬಾ ಹೊಗಳಿದರು. ಆದರೆ ಈ ಸಾಹೇಬರು ಯಾರು?"

"ಯಾರೂ ಇಲ್ಲ ಮೇಡಂ. ನಾನೇ ಸುಮ್ನೆ ಹೇಳ್ಕೊಂಡು ಬಂದಿದ್ದು."

"ಎಲ್ಲರೂ ಇಲ್ಲ ಅಂತಾನೇ ಹೇಳ್ತಾರೆ. ಹೋದ ವಾರ ಒಂದು ಮನೆಯಲ್ಲಿ, ಇಲ್ಲದ ಸಾಹೇಬರು ಒಳಕೋಣೇಲಿ ಸೀನ್ತಾ ಇದ್ದರು."

"ತೀರಿಕೊಂಡ್ರು ಅಂತ ಬರ್ಕೊಳ್ಳಿ ಮೇಡಂ."

"ಹಾಗಾದರೆ ಇದ್ದರು ಅಂತಾಯ್ತಲ್ಲ! ಅಂಥವರು ಇರಲೇ ಇಲ್ಲ ಅಂತ ಆ ಮೂವರು ಗಿರಾಕಿಗಳೂ ಬರೆದುಕೊಡಲಿ. ಶುಕ್ರವಾರದೊಳಗೆ. ಒಂದು ಪತ್ರ ಕಮ್ಮಿಯಾದರೂ ಅರ್ಜಿ ಬಿದ್ದುಹೋಗುತ್ತೆ."

ಲಾಡ್ಜಿನ ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕು ಬರೆದುಕೊಟ್ಟ. ಕ್ಲಿನಿಕ್ಕಿನ ನರ್ಸಮ್ಮ, "ಸಾಹೇಬರು ಹನ್ನೊಂದು ವರ್ಷದಲ್ಲಿ ನಿನಗೆ ಒಂದು ಸಲನೂ ಬೈದಿಲ್ಲ ಅಂದಾಗಲೇ ಅಂದ್ಕೊಂಡೆ, ಅಂಥ ಸಾಹೇಬರು ಎಲ್ಲಿರ್ತಾರೆ?" ಎಂದು ಸಹಿ ಹಾಕಿದಳು.

ಉಳಿದವರು ಅಪಾರ್ಟ್‌ಮೆಂಟಿನ ಕಾರ್ಯದರ್ಶಿ. ನಿವೃತ್ತ ಮೇಷ್ಟ್ರು, ಹೆಂಡತಿ ತೀರಿದ ಮೇಲೆ ಒಬ್ಬರೇ ಇದ್ದರು. ಫೋನ್ ಮಾಡಿದಾಗಲೆಲ್ಲ ಸಾಹೇಬರ ಕ್ಷೇಮ ಕೇಳುವ ಅವರ ಮನೆಯ ಮೆಟ್ಟಿಲು ಹತ್ತಲು ಅಕ್ಕನಿಗೆ ಮನಸ್ಸಾಗಲಿಲ್ಲ. ಹತ್ತಿದಳು.

"ಬಾಮ್ಮಾ. ಸಾಹೇಬರ ಮಂಡಿ ಹೇಗಿದೆ? ನಾನು ಕಳಿಸಿದ ಮುಲಾಮು ಹಿಡೀತಾ? ನನಗಂತೂ ಎಡಗಾಲಿನ ನೋವು ಬಿಟ್ಟಿತು."

"ಸರ್, ಸಾಹೇಬರು ಇಲ್ಲ."

ಮೇಷ್ಟ್ರು ಕನ್ನಡಕ ತೆಗೆದರು. "ಯಾವಾಗ?"

"ಹಾಗಲ್ಲ ಸರ್. ಇರಲೇ ಇಲ್ಲ. ನಾನು ಕಟ್ಟಿದ ಕತೆ."

ಯಾಕೆ ಕಟ್ಟಿದ್ದು, ಈಗ ಯಾಕೆ ಬಿಚ್ಚುತ್ತಿರುವುದು, ಎಲ್ಲ ಹೇಳಿದಳು. ಮೇಷ್ಟ್ರು ಕನ್ನಡಕದ ಗಾಜು ಒರೆಸುತ್ತಲೇ ಇದ್ದರು.

"ನನ್ನ ಕಣ್ಣಿನ ಆಪರೇಷನ್ ಹೊತ್ತಿಗೆ, ಹೆದರಬೇಡಿ, ನನಗೂ ಆಗಿದೆ, ಅಂತ ಸಾಹೇಬರು ಹೇಳಿ ಕಳಿಸಿದ್ದು?"

"ನಾನೇ ಸರ್."

"ನೀನ್ಯಾರಮ್ಮ ನಂಗೆ ಧೈರ್ಯ ಹೇಳೋಕೆ?"

"ತಪ್ಪಾಯ್ತು ಸರ್."

"ನನ್ನ ವಯಸ್ಸಿನವರು ಒಬ್ಬರು ಅಲ್ಲಿದ್ದಾರೆ ಅಂದ್ಕೊಂಡಿದ್ದೆ," ಅಂದರು ಮೇಷ್ಟ್ರು, ಕಿಟಕಿಯ ಕಡೆ ತಿರುಗಿ. ಆಮೇಲೆ ಹಾಳೆ ತೆಗೆದು, ಗುಂಡಗಿನ ಅಕ್ಷರದಲ್ಲಿ ಬರೆದರು: ಒಂಬತ್ತು ವರ್ಷದಿಂದ ಈಕೆಯನ್ನೂ ಹಗ್ಗ ಹಿಡಿಯುವ ಹೆಂಗಸನ್ನೂ ಬಿಟ್ಟು ಈ ಸಂಸ್ಥೆಯಲ್ಲಿ ಬೇರೆ ಯಾರನ್ನೂ ನಾನು ಕಂಡಿಲ್ಲ.

"ಕಂಡಿಲ್ಲ ಅಂದ್ರೆ ಸಾಕಲ್ವಾ?"

"ಸಾಕಾಗಲ್ಲ ಸರ್. ಇರಲಿಲ್ಲ ಅಂತ ಬೇಕಂತೆ."

ಪೆನ್ನು ಹಾಳೆಯ ಮೇಲೆ ಬಹಳ ಹೊತ್ತು ನಿಂತಿತು. ಶಾಯಿಯ ಚುಕ್ಕೆಯೊಂದು ದಪ್ಪಗಾಯಿತು. ಅಕ್ಕನಿಗೆ, ಬೇಡ ಬಿಡಿ ಸರ್ ಎಂದು ಎದ್ದುಬಿಡೋಣ ಅನ್ನಿಸಿತು. ಎದ್ದರೆ ಗುತ್ತಿಗೆ ಹೋಯಿತು. ಎದ್ದೇಳಲಿಲ್ಲ. ಮೇಷ್ಟ್ರು ಕೆಳಗೆ ಸೇರಿಸಿದರು: ಬೇರೆ ಯಾರೂ ಇರಲಿಲ್ಲ. ಸಹಿ ಹಾಕಿ, ಹಾಳೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಈಚೆಗೆ ಸರಿಸಿದರು.

ಗುತ್ತಿಗೆ ಸಿಕ್ಕಿತು. ಇಪ್ಪತ್ತಮೂರು ಶಾಲೆ. ಆದೇಶದ ಪತ್ರದಲ್ಲಿ, ಮಾಲೀಕರು ಎನ್ನುವ ಜಾಗದಲ್ಲಿ, ಅವಳ ಹೆಸರೊಂದೇ ಇತ್ತು. ಅದನ್ನು ಎರಡು ಸಲ ಓದಿ, ಯಾರಿಗಾದರೂ ಹೇಳಬೇಕು ಅನ್ನಿಸಿ, ಮೇಷ್ಟ್ರಿಗೆ ಫೋನ್ ಮಾಡಿದಳು.

"ಕೆಲಸ ಸಿಕ್ತು ಸರ್. ನಿಮ್ಮಿಂದ."

"ಒಳ್ಳೇದು."

ಅಕ್ಕ ಕಾದಳು. ಮೊದಲಾಗಿದ್ದರೆ ಅರ್ಧ ಗಂಟೆ ಫೋನ್ ಇಡದ ಮನುಷ್ಯ.

"ನಮ್ಮ ಟ್ಯಾಂಕು ತೊಳೆಯೋದು ಯಾವತ್ತು?"

"ಹನ್ನೆರಡನೇ ತಾರೀಕು ಸರ್."

"ಬರ್ಕೊಂಡೆ," ಅಂದರು, ಫೋನ್ ಇಟ್ಟರು.