ಕಾಕಾನ ಕ್ಯಾಲಿಪ್ಸೊ ಬ್ಯಾರಲ್

ಮೊನ್ನೆ ಜಲನಗರದ ಹತ್ತಿರ ಹೊಸದಾಗಿ ತೆರೆದ ಒಂದು ಹೋಟೆಲಿಗೆ ಊಟಕ್ಕೆ ಹೋಗಿದ್ದೆ. ಬಾಗಿಲ ಬಳಿ ಚೆಂಡುಹೂ ತೇಲಿಬಿಡಲು ಅಗಲವಾದ ಕಬ್ಬಿಣದ ಪಾತ್ರೆಯೊಂದನ್ನು ಇಟ್ಟಿದ್ದರು. ಕೆಲಸದವಳು ಹಳೇ ನೀರು ಚೆಲ್ಲಿ ಪಾತ್ರೆಯನ್ನು ಮತ್ತೆ ಕಟ್ಟೆಗೆ ಇಡುವಾಗ ಅವಳ ಕೈಯಲ್ಲಿದ್ದ ಚೊಂಬು ತಾಗಿ ಠಣ್ ಎಂದಿತು. ಹಾಗೆಂದು ಸುಮ್ಮನಾಗಲಿಲ್ಲ; ದನಿ ತುಸು ಮೇಲೇರಿ, ನಡುಗಿ, ನಿಧಾನಕ್ಕೆ ಆರಿತು. ನಾನು ಅಲ್ಲೇ ನಿಂತುಬಿಟ್ಟೆ. ನೀರಿನ ಪಾತ್ರೆಗಳು ಹಾಗೆ ನುಡಿಯುವುದಿಲ್ಲ. ಹಾಗೆ ನುಡಿಯುವಂಥದ್ದನ್ನು ನಾನು ಕೇಳಿದ್ದು ತಿಕೋಟಾದ ನಮ್ಮ ಮನೆಯ ಅಂಗಳದಲ್ಲಿ ಮಾತ್ರ.

ನಮ್ಮದು ಬಾಜಾದವರ ಮನೆ. ತಿಕೋಟಾ, ಬಬಲೇಶ್ವರ, ಜೈನಾಪುರದ ಕಡೆ ಎಲ್ಲಿ ಮದುವೆಯಾದರೂ ಮೆರವಣಿಗೆಗೆ ಅಪ್ಪನ ಬ್ಯಾಂಡ್ ಬೇಕು. ಮನೆಯೊಳಗೆ ಯಾವಾಗಲೂ ಹಿತ್ತಾಳೆ ತಿಕ್ಕಿದ ಹುಣಸೆಹಣ್ಣಿನ ಹುಳಿ ವಾಸನೆ, ಹಗ್ಗದ ಮೇಲೆ ಬೆವರು ಆರದ ಕೆಂಪು ಕೋಟುಗಳು. ಅವ್ವ ರೊಟ್ಟಿ ಬಡಿಯುವ ಸದ್ದಿಗೆ ಯಾರಾದರೊಬ್ಬರು ಹಲಗೆಯ ಮೇಲೆ ತಾಳ ಕೂಡಿಸುವವರೇ. ಅಪ್ಪನ ತಮ್ಮ, ನಮ್ಮ ಕಾಕಾ, ಮುಂಬೈ ಬಂದರಿನಲ್ಲಿ ಹಡಗುಗಳಿಗೆ ಬಣ್ಣ ಬಳಿಯುತ್ತಿದ್ದ. ಒಂದು ಸಲ ಊರಿಗೆ ಬರುವಾಗ ಒಂದು ಕ್ಯಾಸೆಟ್ ತಂದ. ಟ್ರಿನಿಡಾಡ್ ಎಂಬ ದ್ವೀಪದ ನಾವಿಕನೊಬ್ಬ ಅವನಿಗೆ ಕೊಟ್ಟಿದ್ದಂತೆ. ಟೇಪಿಗೆ ಹಾಕಿದರೆ, ಮಳೆಹನಿಯೇ ಕುಣಿದಂಥ ಬಾಜಾ. ಅದರ ನಡುವೆ ಒಬ್ಬ ನಗುನಗುತ್ತಲೇ ಯಾರನ್ನೋ ತಿವಿಯುತ್ತಿದ್ದಾನೆ ಎಂಬುದು ಭಾಷೆ ಬಾರದ ನನಗೂ ತಿಳಿಯಿತು.

“ಇದಕ್ಕ ಕ್ಯಾಲಿಪ್ಸೊ ಅಂತಾರ. ಅಲ್ಲಿ ಬಡವ್ರು ಎಣ್ಣಿ ಬ್ಯಾರಲ್ ಬಡದು ಬಾಜಾ ಮಾಡ್ಯಾರ. ಹಾಡಿನ್ಯಾಗ ಯಾ ದೊಡ್ಡ ಮನಷ್ಯಾಗೂ ಅಂಜಾಂಗಿಲ್ಲ, ಕಂಡದ್ದು ಹಾಡ್ತಾರ” ಎಂದ ಕಾಕಾ.

ಒಣದ್ರಾಕ್ಷಿ ವ್ಯಾಪಾರದ ಸಾವಕಾರರ ಶೆಡ್ಡಿನ ಹಿಂದೆ, ಒಣಹಾಕುವ ಮೊದಲು ದ್ರಾಕ್ಷಿ ಅದ್ದುವ ಎಣ್ಣೆಯ ಖಾಲಿ ಬ್ಯಾರಲ್ಲುಗಳು ತುಕ್ಕು ಹಿಡಿದು ಬಿದ್ದಿದ್ದವು. ಒಂದನ್ನು ಕೇಳಿದಾಗ ಅವರು “ಒಯ್ರಿ, ಜಾಗಾ ಆದ್ರೂ ಖಾಲಿ ಆಗ್ತದ” ಎಂದರು. ಆದರೆ ಆ ವಾದ್ಯ ನೋಡಲು ಹೇಗಿರುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದ್ದಷ್ಟೇ, ಕಂಡಿರಲಿಲ್ಲ. ಅಪ್ಪ ಯೋಚಿಸಿ ಹೇಳಿದ: “ಗಡಿಗಿ ಹೊಟ್ಟಿ ಹೊರಗ ಇರ್ತದ, ಅದಕ್ಕ ದನಿ ಬರ್ತದ. ಇದಕ್ಕೂ ಹೊಟ್ಟಿ ತರಸೂಣು.” ಬ್ಯಾರಲ್ಲಿನ ತಳವನ್ನು ಗೇಣುದ್ದದ ಅಂಚಿನ ಸಮೇತ ಕತ್ತರಿಸಿ, ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ಬಡಿದು ಹೊರಕ್ಕೆ ಉಬ್ಬಿಸಿದರು. ಅದನ್ನು ಒಳಕ್ಕೆ ತಗ್ಗಿಸಬೇಕಿತ್ತೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಆ ದ್ವೀಪದ ಬ್ಯಾಂಡುಗಳನ್ನು ಫೋನಿನಲ್ಲಿ ನೋಡಿದಾಗ. ನಮ್ಮದು ತಿರುವುಮುರುವು. ಆದರೂ ಅದು ನುಡಿಯಿತು! ಉಬ್ಬಿನ ಮೇಲೆ ಅಪ್ಪ ಸುತ್ತಿಗೆಯಿಂದ ಎಬ್ಬಿಸಿದ ಒಂದೊಂದು ಗುಬುಟಿಗೆ ಒಂದೊಂದು ಸ್ವರ. ನಡುವಿನದೊಂದು ಮಾತ್ರ ಎಷ್ಟು ಬಡಿದರೂ ಸರಿಬರಲಿಲ್ಲ, ದಡ್ ಎನ್ನುತ್ತಿತ್ತು. ಆ ಸ್ವರ ಬರುವ ಕಡೆ ಕಾಕಾ ಕೈ ತಡೆದು ಬಾಯಿಂದಲೇ ತುಂಬುತ್ತಿದ್ದ.

ಅದೇ ಸಾವಕಾರರ ಮಗನ ಮದುವೆಗೆ ನಮ್ಮನ್ನೇ ಕರೆದರು. ಆಗಿನ ಪದ್ಧತಿ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ವರನನ್ನು ಊರೆಲ್ಲ ಮೆರೆಸಿ ತರುವುದು ಬಾಜಾದವರು. ಹಂದರದ ಬಾಗಿಲಿಗೆ ಬಂದ ಕೂಡಲೇ ಅವರು ಬಾಜಾ ನಿಲ್ಲಿಸಿ ದೂರ ಟ್ರ್ಯಾಕ್ಟರುಗಳ ಹಿಂದೆ ಹೋಗಿ ಕೂಡಬೇಕು. ಎಲ್ಲರೂ ಉಂಡು ಕೈ ತೊಳೆದ ಮೇಲೆ ಉಳಿದದ್ದನ್ನು ಅಲ್ಲಿಗೇ ತಂದು ಮೇಲಿನಿಂದ ನೀಡುತ್ತಿದ್ದರು. ಅವತ್ತು ಕಾಕಾ ಹಂದರದ ಬಾಗಿಲಲ್ಲಿ ಬಾಜಾ ನಿಲ್ಲಿಸಲಿಲ್ಲ. ಕೊರಳಿಗೆ ಕಟ್ಟಿಕೊಂಡ ಬ್ಯಾರಲ್ ಬಾರಿಸುತ್ತ ಹಾಡಿದ. ನಾನು ಪಕ್ಕದಲ್ಲಿ ಗಿಲಕಿ ಅಲ್ಲಾಡಿಸುತ್ತಿದ್ದೆ.

“ಹಾದಿ ತುಂಬ ನಮ್ಮ ಬಾಜಾ ಬೇಕು,
ಹಂದರದಾಗ ನಾವು ಯಾಕ ಬ್ಯಾಡ್ರಿ?
ನಿಮ್ಮ ಕಿವಿಗೆ ನಮ್ಮ ಉಸುರು ಬೇಕು,
ಪಂಗತಿಗೆ ನಾವು ಯಾಕ ಬ್ಯಾಡ್ರಿ?”

ಆ ಕೆಟ್ಟ ಸ್ವರ ಬೀಳುತ್ತಿದ್ದುದು ಸರಿಯಾಗಿ ‘ಯಾಕ’ದ ಮೇಲೆ. ಬ್ಯಾರಲ್ ಸುಮ್ಮನಾಗುತ್ತಿತ್ತು, ಕಾಕಾನ ದನಿಯೊಂದೇ “ಯಾಕ” ಎಂದು ಕೇಳುತ್ತಿತ್ತು. ಹುಡುಗರು ಮೊದಲು ಕುಣಿದರು. ಆಮೇಲೆ ಮಾತು ತಿಳಿದವರು ಒಬ್ಬೊಬ್ಬರಾಗಿ ಕುಣಿತ ಬಿಟ್ಟು ನಿಂತರು. ಸಾವಕಾರರು ಒಳಗಿನಿಂದ ಬಂದು, “ಬ್ಯಾರಲ್ ನಮ್ಮದು. ಇಲ್ಲೇ ಇಟ್ಟು ಹೋಗ್ರಿ” ಎಂದರು.

ಅಪ್ಪ ಕೈಮುಗಿದ. “ನೀವ ಒಯ್ರಿ ಅಂದಿದ್ರಿ, ಯಪ್ಪಾ.”

“ಬ್ಯಾರಲ್ ಕೊಟ್ಟಿದ್ದೆ. ಬಾಯಿ ಕೊಟ್ಟಿದ್ದಿಲ್ಲ.”

ಕಾಕಾ ಕೊರಳಿನಿಂದ ಹಗ್ಗ ಬಿಚ್ಚಿದ. ಟ್ರ್ಯಾಕ್ಟರುಗಳ ಹಿಂದೆ ನಮಗಾಗಿ ಬಂದ ಬುಟ್ಟಿಯ ಕಡೆ ಯಾರೂ ನೋಡಲಿಲ್ಲ; ಉಣ್ಣದೇ ಮನೆಗೆ ಬಂದೆವು. ಕಾಕಾ ಮತ್ತೆ ಮುಂಬೈಗೆ ಹೋದ, ಅಲ್ಲೇ ತೀರಿಕೊಂಡ. ಅಪ್ಪನ ಬ್ಯಾಂಡ್ ಇನ್ನೂ ಕೆಲವು ವರ್ಷ ನಡೆಯಿತು. ಆದರೆ ಆ ಅಂಗಳದಲ್ಲಿ ಆಮೇಲೆ ಯಾರೂ ಹಾಡು ಕಟ್ಟಲಿಲ್ಲ. ಈಗ ಅಪ್ಪನಿಲ್ಲ, ಅವ್ವನಿಲ್ಲ, ಅಂಗಳವೂ ಇಲ್ಲ. ಒಂದು ಮನೆಯ ಬಾಯಿಯನ್ನೇ ಕಟ್ಟಿಸಿದವರಿಗೆ ಅದೊಂದು ದೊಡ್ಡ ಸಂಗತಿಯೆಂದು ಅನಿಸಿಯೂ ಇರಲಿಕ್ಕಿಲ್ಲ.

ಹೋಟೆಲಿನಲ್ಲಿ ಆ ಖಾಲಿ ಪಾತ್ರೆಯ ತಳಕ್ಕೆ ಕೈ ಹಾಕಿ ತಡವಿದೆ. ಅಪ್ಪನ ಸುತ್ತಿಗೆಯ ಗುಬುಟಿಗಳು ಬೆರಳಿಗೆ ಹತ್ತಿದವು. ಅದರ ಮುಖವನ್ನು ನೆಲಕ್ಕೆ ಹಾಕಿ, ಬೆನ್ನೊಳಗೆ ನೀರು ತುಂಬಿಸುತ್ತಿದ್ದರು! ಮಾಲೀಕ ಹುಡುಗ ಓಡಿಬಂದು, “ಹಳೇ ಹಂಡೆ ರೀ ಮೇಡಂ, ತಿಕೋಟಾದಾಗ ನಮ್ಮ ಅಜ್ಜಾರು ಮಾಡಿಸಿದ್ದು” ಎಂದ. ಇದು ನಮ್ಮ ಮನೆಯದು, ನನಗೆ ಕೊಡು ಎಂದೆ. ಅವನು ನಕ್ಕ. “ಕೊಡಾಕ ಬರಾಂಗಿಲ್ರಿ, ಮನಿತನದ್ದು.”

ನಾನು ಅದನ್ನು ಕವುಚಿ ಹಾಕಿದೆ. ಮೇಜಿನ ಮೇಲಿದ್ದ ಎರಡು ಚಮಚ ತೆಗೆದುಕೊಂಡು ಕಾಕಾನ ಹಾಡನ್ನು ಬಾರಿಸಿದೆ. ತುಕ್ಕಿನೊಳಗಿಂದ ಸ್ವರಗಳು ಎದ್ದು ಬಂದವು. ನಡುವಿನ ಜಾಗ ಬಂದಾಗ ಕೈ ತಾನಾಗಿ ನಿಂತಿತು. ಕಾಕಾನಿಲ್ಲದ್ದರಿಂದ ನಾನೇ ಕೇಳಿದೆ: “ಯಾಕ?” ಉಣ್ಣುತ್ತಿದ್ದವರು ತಲೆ ಎತ್ತಿದರು. ಒಂದಿಬ್ಬರು ಫೋನು ಹಿಡಿದರು.

“ಭಾಳ ಛಲೋ ಬಾರಿಸ್ತೀರಿ ಮೇಡಂ! ಬರ್ರಿ, ಒಳಗ ಬರ್ರಿ, ಊಟ ಮಾಡ್ಕೊಂಡ ಹೋಗ್ರಿ” ಎಂದ ಸಾವಕಾರರ ಮೊಮ್ಮಗ.

ಅವನ ದನಿಯಲ್ಲಿ ಕಪಟವಿರಲಿಲ್ಲ. ಅವನಿಗೆ ಏನೂ ಗೊತ್ತಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಚಮಚಗಳನ್ನು ಕಟ್ಟೆಯ ಮೇಲಿಟ್ಟು ಉಣ್ಣದೇ ಹೊರಬಿದ್ದೆ. ಮೆಟ್ಟಿಲಿಳಿಯುವಾಗ ಬೆನ್ನ ಹಿಂದೆ, ಅದರ ಮುಖವನ್ನು ಮತ್ತೆ ನೆಲಕ್ಕೆ ಹಾಕಿ ನೀರು ಸುರಿಯುವ ಸದ್ದು ಕೇಳಿತು.