ಚಾಂದಮ್ಮ ಕಟ್ಟಿದ ಜೋಲಿ

ಚಾಂದಮ್ಮ ಜೋಲಿ ಕಟ್ಟಿದ ಮೇಲೆ ಮಗುವನ್ನು ತಕ್ಷಣ ಮಲಗಿಸುತ್ತಿರಲಿಲ್ಲ. ಮೊದಲು ತಾವೇ ಸೀರೆಯ ಕುಣಿಕೆ ಹಿಡಿದು, ಕಾಲು ಮಡಚಿ, ಪೂರ್ತಿ ಭಾರ ಬಿಟ್ಟು ಜೋತುಬೀಳುತ್ತಿದ್ದರು. ತೊಲೆ ಕಿರ್ ಎನ್ನುತ್ತಿತ್ತು. "ನನ್ನ ತಡೆದ್ರೆ ನಿನ್ನ ಮಗೀನೂ ತಡೀತೈತೆ ಬಿಡು" ಎಂದು ನಗುತ್ತಿದ್ದರು.

ಹೊನ್ನಾಳಿಯ ಹೊಳೆ ಕಡೆಯ ಬೀದಿಯಲ್ಲಿ ನಮ್ಮ ಬಾಡಿಗೆ ಮನೆಗೂ ಅವರ ಮನೆಗೂ ಒಂದೇ ಗೋಡೆ. ಹಳೆ ಸೀರೆಗಳಿಂದ ಕೌದಿ ಹೊಲಿಯುವುದು ಅವರ ಕಸುಬು. ನನಗೆ ಮಗಳು ಹುಟ್ಟಿದಾಗ ಜೋಲಿ ಬೇಡವೇ ಬೇಡ ಎಂದಿದ್ದೆ. ನನ್ನ ತವರು ಬಿಳಿಚೋಡಿನಲ್ಲಿ ಆ ಮಾತಿಗೆ ನಾನು ಕಂಡ ಅರ್ಥವೇ ಬೇರೆ. ಅಪ್ಪನಿಗೆ ಹಾವು ಕಚ್ಚಿದಾಗ ಬಿದಿರು ಗಳಕ್ಕೆ ಕಂಬಳಿ ಕಟ್ಟಿ, ಅದರಲ್ಲಿ ಮಲಗಿಸಿ ರಸ್ತೆತನಕ ಹೊತ್ತೊಯ್ದಿದ್ದರು. ಅದನ್ನೂ ಜೋಲಿ ಎಂದೇ ಕರೆದರು. ಅಪ್ಪ ತಿರುಗಿ ಬರಲಿಲ್ಲ.

ಇದನ್ನು ಕೇಳಿ ಚಾಂದಮ್ಮ ಸೂಜಿ ಕೆಳಗಿಟ್ಟರು. "ಫಕೀರನ ಹೆಗಲ ಚೀಲಕ್ಕೂ ನಾವು ಝೋಲಿ ಅಂತೀವವ್ವಾ. ಸೆರಗು ಒಡ್ಡಿ ದುವಾ ಕೇಳಿದ್ರೆ ಅದೂ ಝೋಲಿ. ಬಟ್ಟೆ ಜೋತುಬಿದ್ರೆ ಝೋಲಿ, ಅಷ್ಟೇಯ."

"ಹಂಗಾದ್ರೆ ಜೋಲೋದ್ರಿಂದ ಜೋಲಿ ಬಂತಾ, ನಿಮ್ಮ ಝೋಲಿಯಿಂದ ಬಂತಾ?"

"ಮಗು ಮಲಗಿದ್ರೆ ಸಾಕು. ಎಲ್ಲಿಂದ ಬಂತು ಅಂತ ಆಮೇಲೆ ಕೇಳೋಣ."

ಮಗಳು ಮಲಗಿದಳು. ನಾನು ಮಾತ್ರ ಗಳಿಗೆಗೊಮ್ಮೆ ಎದ್ದು ಅವಳ ಉಸಿರು ನೋಡುತ್ತಿದ್ದೆ.

ಆ ಮಳೆಗಾಲದ ಒಂದು ಬೆಳಗ್ಗೆ ತುಂಗಭದ್ರೆ ನಮ್ಮ ಬೀದಿಗೇ ನುಗ್ಗಿತು. ಗಂಡ ಲಾರಿ ಮೇಲೆ ಹೋಗಿದ್ದರು. ಕೆಂಪು ನೀರು ಹೊಸ್ತಿಲು ದಾಟಿ ಮೊಣಕಾಲಿಗೆ ಬಂದಾಗ ನಾನು ಮಗುವನ್ನು ಅವುಚಿಕೊಂಡು ಮಂಚದ ಮೇಲೆ ನಿಂತಿದ್ದೆ. ನಾನೇ ಅವಳನ್ನು ನೀರಿಗೆ ಬೀಳಿಸಿಬಿಡುತ್ತೇನೆ ಅನ್ನಿಸುತ್ತಿತ್ತು.

ಚಾಂದಮ್ಮ ಬಂದರು. ತೊಲೆಯಿಂದ ಸೀರೆ ಬಿಚ್ಚಿ, ಮಗುವನ್ನು ನನ್ನ ಎದೆಗೆ ಸುತ್ತಿ, ಬೆನ್ನ ಹಿಂದೆ ಬಿಗಿದರು. "ಈಗ ಕೈ ಬಿಡು."

ನನಗೆ ಆಗಲಿಲ್ಲ.

"ಕೈ ಬಿಡವ್ವಾ, ಗೋಡೆ ಹಿಡ್ಕೋ. ಮಗೀನ ಬಟ್ಟೆ ಹಿಡ್ಕೊಂಡೈತೆ."

ಒನಕೆಯಿಂದ ಚರಂಡಿ ತಡಕುತ್ತಾ ಅವರು ಮುಂದೆ ನಡೆದರು. ಬೀದಿಯ ತಿರುವಿನಲ್ಲಿ ನೀರು ಸೊಂಟಕ್ಕೆ ಬಂತು. ಕಾಲಡಿ ಕಲ್ಲು ಜಾರಿ ನಾನು ಮುಗ್ಗರಿಸಿದೆ. ಮಗಳ ಪಾದ ನೀರಿಗೆ ತಾಗಿತು, ಅವಳು ಚೀರಿದಳು. ಬಟ್ಟೆ ಸಡಿಲಲಿಲ್ಲ. ಚಾಂದಮ್ಮ ನನ್ನ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದರು. "ನೀರು ನೋಡಬ್ಯಾಡ. ನನ್ನ ಬೆನ್ನು ನೋಡ್ಕೊಂಡು ಬಾ."

ಹಾಗೇ ನೋಡುತ್ತಾ ಎತ್ತರದ ಶಾಲೆ ಸೇರಿದೆವು. ನೀರಿಳಿದಾಗ ಅವರ ಮನೆಯ ಹಿಂಗೋಡೆ ಕುಸಿದಿತ್ತು. ಅವರ ಮಗಳು ರೇಷ್ಮಾ ಬಂದು ಅವರನ್ನು ಸಂತೇಬೆನ್ನೂರಿಗೆ ಕರೆದೊಯ್ದಳು. ನೋಡಲು ಇವತ್ತು ಹೋಗೋಣ, ನಾಳೆ ಹೋಗೋಣ ಅನ್ನುವುದರಲ್ಲಿ ಎರಡು ವರ್ಷ ಕಳೆಯಿತು. ಕೊನೆಗೆ ಚಾಂದಮ್ಮ ತೀರಿಕೊಂಡರೆಂದು ರೇಷ್ಮಾಳ ಫೋನೇ ಬಂತು. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು.

ಅವಳ ಪಕ್ಕ ಕೂತು ಆ ಬೆಳಗಿನ ಕತೆಯನ್ನೆಲ್ಲ ಹೇಳಿದೆ. "ಸದ್ಯ, ಚಾಂದಮ್ಮಗೆ ಈಜು ಬರ್ತಿತ್ತಲ್ಲ" ಎಂದೆ.

ರೇಷ್ಮಾ ನನ್ನನ್ನೇ ನೋಡಿದಳು. "ಈಜಾ? ಚಿಕ್ಕಂದಿನಾಗೆ ತನ್ನ ತಮ್ಮ ಹೊಳೆಪಾಲಾದ ಮ್ಯಾಲೆ, ಬಟ್ಟೆ ಒಗೆಯಾಕೂ ಅಮ್ಮಿ ಹೊಳೆಗೆ ಇಳಿದೋಳಲ್ಲಕ್ಕಾ."